ಎಲ್ಡನ್ ರಿಂಗ್: ಬಂಗಾರದ ಗೆರೆ ಹಿಡ್ಕೊಂಡು ಸೀದಾ ಹೋಗ್ಬೇಡಿ

2022ರ ಫೆಬ್ರವರಿ 25ಕ್ಕೆ ರಿಲೀಸ್ ಆದ ಗೇಮ್, ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಗೇಮ್ ಆಫ್ ದಿ ಇಯರ್ ಕೂಡ ಹೊಡ್ಕೊಂಡು ಹೋಯ್ತು, ಅದಕ್ಕೆ ಈಗ್ಯಾಕಪ್ಪಾ ರಿವ್ಯೂ ಅಂತ ಕೇಳ್ಬಹುದು. ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರತಿ ಸೇಲ್‌ನಲ್ಲೂ ನಮ್ಮ ಕಡೆ ಯಾರಾದ್ರೂ ಒಬ್ರು ಹೊಸಬರು ಇದನ್ನ ತಗೋತಾರೆ, ನಾಲ್ಕು ದಿನ ಚೆನ್ನಾಗಿ ಒದೆ ತಿಂತಾರೆ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ "ಇದು ಕೆಲಸ ಇಲ್ದೋರು ಆಡೋ ಗೇಮ್" ಅಂತ ಸ್ಟೇಟ್‌ಮೆಂಟ್ ಕೊಡ್ತಾರೆ. ಬಂದಾಗಿಂದ ಬಿಟ್ಟು ಬಿಟ್ಟು ಆಡ್ತಾನೇ ಇದೀನಿ, ಕತ್ತಿ ಹಿಡ್ಕೊಂಡು ಒಂದ್ಸಲ, ಮ್ಯಾಜಿಕ್‌ನಲ್ಲಿ ಒಂದ್ಸಲ ಮುಗಿಸಿದ್ದೂ ಆಯ್ತು. ನನ್ನ ಪ್ರಕಾರ ಈ ಗೇಮ್‌ನ ಕಷ್ಟದಲ್ಲಿ ಅರ್ಧಕ್ಕರ್ಧ ತಪ್ಪು ದಾರೀಲಿ ತಪ್ಪು ಹೊತ್ತಿಗೆ ಹೋಗೋದ್ರಿಂದ ಬರೋದು. ಮೆನುವಲ್ಲಿ ಈಸಿ, ಹಾರ್ಡ್ ಅಂತ ಆಪ್ಷನ್ ಇಲ್ಲ ನಿಜ, ಆದ್ರೆ ಮ್ಯಾಪ್‌ನಲ್ಲಿದೆ.

ಮೊದ್ಲು ಪಿಸಿ ವಿಷಯ ಬೇಗ ಮುಗಿಸಿಬಿಡ್ತೀನಿ. ಮಿನಿಮಮ್ ಅಂತ ಕೇಳೋದು 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 60 ಜಿಬಿ ಜಾಗ. ಎಸ್‌ಎಸ್‌ಡಿ ಇದ್ರೆ ತುಂಬಾ ಒಳ್ಳೇದು, ಯಾಕಂದ್ರೆ ಸತ್ತಾಗೆಲ್ಲ ಲೋಡಿಂಗ್ ಸ್ಕ್ರೀನ್ ಬರುತ್ತೆ, ನೀವು ಸಾಯ್ತಾನೇ ಇರ್ತೀರ. 60 ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ 60 ಫ್ರೇಮ್) ಮೇಲೆ ಹೋಗಲ್ಲ, 144 ಹರ್ಟ್ಜ್ ಮಾನಿಟರ್ ತಗೊಂಡೋರು ಸ್ವಲ್ಪ ಬೇಜಾರ್ ಮಾಡ್ಕೋಬೇಕು, ಅಲ್ಟ್ರಾವೈಡ್ ಸಪೋರ್ಟೂ ಇಲ್ಲ. ಬಂದ ಹೊಸದ್ರಲ್ಲಿ ಪಿಸಿಲಿ ತಡವರಿಸ್ತಿದ್ದದ್ದು ಪ್ಯಾಚ್‌ಗಳಾದ್ಮೇಲೆ ಕಮ್ಮಿ ಆಗಿದೆ, ಪೂರ್ತಿ ಹೋಗಿದೆ ಅಂತ ಹೇಳಲ್ಲ. ಬೆಳಕು ನೆರಳನ್ನ ನೈಜವಾಗಿ ತೋರಿಸೋ ರೇ ಟ್ರೇಸಿಂಗ್ ಆಪ್ಷನ್ ಆಮೇಲೆ ಸೇರಿಸಿದ್ರು, ಆಫ್ ಮಾಡಿಡಿ, ವ್ಯತ್ಯಾಸ ಕಾಣೋದಕ್ಕಿಂತ ಫ್ರೇಮ್ ಬೀಳೋದೇ ಜಾಸ್ತಿ ಕಾಣುತ್ತೆ. ಕೀಬೋರ್ಡ್ ಮೌಸ್‌ನಲ್ಲೂ ಆಡೋರಿದಾರೆ, ಅವ್ರಿಗೆ ನಮಸ್ಕಾರ, ಆದ್ರೆ ಒಂದು ಸಾಧಾರಣ ಕಂಟ್ರೋಲರ್ ಇದ್ರೂ ಜೀವನ ಹಗುರ ಆಗುತ್ತೆ.

ಈಗ ಆಟಕ್ಕೆ ಬರೋಣ. ಶುರುವಲ್ಲೇ ಒಂದು ಹಾಳು ಚರ್ಚ್, ಅದರಾಚೆ ಕೈಕಾಲೆಲ್ಲ ಅಂಟಿಸ್ಕೊಂಡಿರೋ ಒಂದು ವಿಕಾರ ಪ್ರಾಣಿ ಬಂದು ನಿಮ್ಮನ್ನ ಸಾಯ್ಸುತ್ತೆ. ತಲೆ ಕೆಡಿಸ್ಕೋಬೇಡಿ, ಸಾಯ್ಲಿ ಅಂತಾನೇ ಇಟ್ಟಿರೋದು. ಎದ್ದಮೇಲೆ ಒಂದು ಗುಹೆ, ಅಲ್ಲಿ ಕೆಳಗೊಂದು ಗುಂಡಿ, ಗುಂಡಿ ಪಕ್ಕ ಒಂದು ದೆವ್ವ ಕೂತಿರುತ್ತೆ. ಆ ಗುಂಡಿಗೆ ಹಾರಿ. ಅದೇ ಟ್ಯುಟೋರಿಯಲ್. ಎಷ್ಟೋ ಜನ ಬಿದ್ದು ಸತ್ತೋಗ್ತೀನಿ ಅಂದ್ಕೊಂಡು ಅದನ್ನ ದಾಟ್ಕೊಂಡು ಹೋಗ್ಬಿಡ್ತಾರೆ, ಆಮೇಲೆ ಗಾರ್ಡ್ ಕೌಂಟರ್ ಅಂದ್ರೇನು, ಬಗ್ಗಿ ಹಿಂದಿನಿಂದ ಚುಚ್ಚೋದು ಹೇಗೆ ಅಂತ ಗೊತ್ತಿಲ್ದೆ ಅರ್ಧ ಗೇಮ್ ಆಡ್ತಾರೆ.

ಕ್ಲಾಸ್, ಅಂದ್ರೆ ಶುರುವಲ್ಲಿ ಆರಿಸ್ಕೊಳೋ ಪಾತ್ರದ ಬಗ್ಗೆ ಜನ ತುಂಬಾ ತಲೆ ಕೆಡಿಸ್ಕೋತಾರೆ, ಅಷ್ಟೊಂದು ಅಗತ್ಯ ಇಲ್ಲ, ಮುಂದೆ ಯಾರು ಏನ್ ಬೇಕಾದ್ರೂ ಆಗ್ಬಹುದು. ಹೊಸಬರಾದ್ರೆ ವ್ಯಾಗಬಾಂಡ್ ಇಲ್ಲಾ ಸಮುರಾಯ್. ವ್ಯಾಗಬಾಂಡ್‌ಗೆ ಜೀವ ಜಾಸ್ತಿ, ಮಾಮೂಲಿ ಹೊಡೆತ ಪೂರ್ತಿ ತಡೆಯೋ ಶೀಲ್ಡ್ ಕೈಯಲ್ಲೇ ಇರುತ್ತೆ, ಸಮುರಾಯ್‌ಗೆ ರಕ್ತ ಹರಿಸೋ ಉಚಿಗತಾನ ಅನ್ನೋ ಕತ್ತಿ ಜೊತೆ ಬಿಲ್ಲು. ಮ್ಯಾಜಿಕ್ ಇಷ್ಟ ಅಂದ್ರೆ ಆಸ್ಟ್ರಾಲಜರ್, ದೂರದಿಂದ ಹೊಡೀಬಹುದು ಆದ್ರೆ ಮೈಗೆ ಒಂದೇಟು ಬಿದ್ರೂ ಕಥೆ ಮುಗೀತು. ರೆಚ್ ಅಂತ ಒಬ್ಬ ಇದಾನೆ, ಮೈಮೇಲೆ ಬಟ್ಟೆ ಇಲ್ಲ, ಕೈಯಲ್ಲೊಂದು ದೊಣ್ಣೆ, ಲೆವೆಲ್ 1. ಅವನನ್ನ ಮುಟ್ಟಬೇಡಿ. ಶುರುವಲ್ಲೇ ಜೊತೆಗೆ ಒಯ್ಯೋಕೆ ಒಂದು ವಸ್ತು, ಕೀಪ್‌ಸೇಕ್, ಯಾವ್ದು ಬೇಕು ಅಂತ ಕೇಳುತ್ತಲ್ಲ, ಅಲ್ಲಿ ಗೋಲ್ಡನ್ ಸೀಡ್ ತಗೊಳ್ಳಿ, ಮೊದಲ ದಿನದಿಂದಲೇ ಒಂದು ಗುಟುಕು ಔಷಧಿ ಜಾಸ್ತಿ.

ಗುಹೆಯಿಂದ ಹೊರಗೆ ಬಂದ್ರೆ ಲಿಮ್‌ಗ್ರೇವ್. ಸ್ವಲ್ಪ ಕೆಳಗಡೆ ರಸ್ತೆಲಿ ಮೈಪೂರ್ತಿ ಬಂಗಾರದ ಕವಚ ಹಾಕ್ಕೊಂಡ ಕುದುರೆ ಸವಾರ ಓಡಾಡ್ತಿರ್ತಾನೆ, ಟ್ರೀ ಸೆಂಟಿನಲ್. ಗೇಮ್‌ನಲ್ಲಿ ಸಿಗೋ ಮೊದಲ ದೊಡ್ಡ ಶತ್ರು, ಹಾಗಾಗಿ ಇವನನ್ನ ಹೊಡೆದೇ ಮುಂದೆ ಹೋಗ್ಬೇಕು ಅಂತ ಎಲ್ಲರಿಗೂ ಅನ್ಸುತ್ತೆ. ಬೇಕಿಲ್ಲ. ಪೊದೆ ಮರೆಯಲ್ಲಿ ಬಗ್ಗಿಕೊಂಡು ಪಕ್ಕದಿಂದ ಸುತ್ತಿ ಚರ್ಚ್ ಆಫ್ ಎಲ್ಲೆಗೆ ಹೋಗಿ, ಅಲ್ಲಿ ಕೇಲೆ ಅನ್ನೋ ವ್ಯಾಪಾರಿ ಹತ್ರ 300 ರೂನ್ಸ್ (ಶತ್ರುಗಳನ್ನ ಹೊಡೆದಾಗ ಸಿಗೋ ದುಡ್ಡು, ಲೆವೆಲ್ ಏರ್ಸೋಕೂ ಇದೇ) ಕೊಟ್ಟು ವಸ್ತು ತಯಾರ್ಸೋ ಕ್ರಾಫ್ಟಿಂಗ್ ಕಿಟ್ ತಗೊಳ್ಳಿ, ಸವಾರನ್ನ ಆಮೇಲೆ ಕುದುರೆ ಸಿಕ್ಕಮೇಲೆ ನೋಡ್ಕೋಬಹುದು, ಎಲ್ಲೂ ಹೋಗಲ್ಲ ಅವ್ನು. ಇಡೀ ಗೇಮ್ ಹೀಗೇ ನಡೆಯೋದು. ಆಗ್ಲಿಲ್ಲ ಅಂದ್ರೆ ಬಿಟ್ಟು ಬೇರೆ ಕಡೆ ಹೋಗಿ, ಬಲ ಬಂದ್ಮೇಲೆ ವಾಪಸ್ ಬನ್ನಿ.

ಅಲ್ಲಿಂದ ಉತ್ತರಕ್ಕೆ ಗೇಟ್‌ಫ್ರಂಟ್ ತನಕ ಹೋಗಿ ಗ್ರೇಸ್‌ನಲ್ಲಿ, ಅಂದ್ರೆ ಬಂಗಾರದ ಬೆಳಕಿರೋ ವಿಶ್ರಾಂತಿ ಜಾಗದಲ್ಲಿ ಕೂತ್ರೆ ಮೆಲೀನಾ ಬರ್ತಾಳೆ. ಅವಳ ಜೊತೆ ಒಪ್ಪಂದ ಆಗೋ ತನಕ ಲೆವೆಲ್ ಏರ್ಸೋಕೇ ಆಗಲ್ಲ, ಕುದುರೆ ಟೊರೆಂಟೂ ಇಲ್ಲ. ಕುದುರೆ ಸಿಕ್ಕ ತಕ್ಷಣ ಒಂದ್ಸಲ ಚರ್ಚ್ ಆಫ್ ಎಲ್ಲೆಗೆ ವಾಪಸ್ ಬನ್ನಿ, ರೆನ್ನಾ ಅಂತ ದೊಡ್ಡ ಟೋಪಿ ಹಾಕ್ಕೊಂಡ ಹೆಂಗಸು ಗೋಡೆ ಮೇಲೆ ಕೂತಿರ್ತಾಳೆ, ಅವಳು ಒಂದು ಪುಟ್ಟ ಗಂಟೆ (ಬೆಲ್), ಅದರ ಜೊತೆಗೆ ಮೂರು ತೋಳಗಳನ್ನ ಕರೆಯೋ ಬೂದಿ ಕೊಡ್ತಾಳೆ. ಈ ಸ್ಪಿರಿಟ್ ಆ್ಯಶ್ ಬಳಸೋದು ಚೀಟಿಂಗ್, ಅದನ್ನ ಬಳಸಿದ್ರೆ ಗೆದ್ದ ಲೆಕ್ಕ ಅಲ್ಲ ಅಂತ ಭಾಷಣ ಬಿಗಿಯೋರು ಬೇಕಾದಷ್ಟು ಸಿಗ್ತಾರೆ. ಕಿವಿಗೆ ಹಾಕ್ಕೋಬೇಡಿ. ಗೇಮ್ ಮಾಡಿದೋರೇ ಕೈಗೆ ಕೊಟ್ಟಿರೋ ವಸ್ತು ಅದು. ಬಾಸ್, ಅಂದ್ರೆ ದೊಡ್ಡ ಶತ್ರು, ತೋಳದ ಕಡೆ ತಿರುಗಿರೋ ಆ ಮೂರು ಸೆಕೆಂಡ್‌ನಲ್ಲೇ ನೀವು ಔಷಧಿ ಕುಡ್ಕೋಬೇಕು.

ಈಗ ಆ ಬಂಗಾರದ ಗೆರೆ. ಗ್ರೇಸ್ ಹತ್ರ ನಿಂತ್ರೆ ಒಂದು ದಿಕ್ಕಿಗೆ ಬೆಳಕಿನ ಗೆರೆ ತೋರಿಸುತ್ತೆ, ಅದು ಮುಖ್ಯ ಕಥೆಯ ದಾರಿ. ಅದನ್ನೇ ನಂಬಿಕೊಂಡು ಹೋದ್ರೆ ಕುದುರೆ ಸಿಕ್ಕ ಸ್ವಲ್ಪ ಹೊತ್ತಿಗೇ ಸ್ಟಾರ್ಮ್‌ವೇಲ್ ಕೋಟೆ ಬಾಗಿಲಿಗೆ, ಅಲ್ಲಿ ಕಾಯ್ತಿರೋ ಮಾರ್ಗಿಟ್ ಅನ್ನೋ ಬಾಸ್ ಎದುರಿಗೆ ನಿಂತಿರ್ತೀರ. ಹೊಸಬರು ಬಿಟ್ಟು ಓಡಿಹೋಗೋದು ಇಲ್ಲೇ. ನಮ್ಮ ಚಿಕ್ಕಪ್ಪನ ಮಗ ಇವನ ಹತ್ರ ಒಂದು ಭಾನುವಾರ ಪೂರ್ತಿ ಕೂತಿದ್ದ, ಸಂಜೆ ನೋಡಿದ್ರೆ "ಅಣ್ಣಾ, ನನ್ ಕೈಯೇ ಸರಿ ಇಲ್ವೇನೋ" ಅಂತಿದಾನೆ. ಸ್ಟೇಟಸ್ ತೆಗೆದು ನೋಡಿದ್ರೆ ವಿಗರ್ (ಜೀವ ಎಷ್ಟಿದೆ ಅಂತ ತೀರ್ಮಾನಿಸೋ ಅಂಕಿ) 12, ಕತ್ತಿ ಒಂದ್ಸಲವೂ ಅಪ್‌ಗ್ರೇಡ್ ಆಗಿಲ್ಲ. ಕೈ ಏನ್ ಮಾಡುತ್ತೆ ಪಾಪ.

ಮಾರ್ಗಿಟ್‌ಗೆ ಹೋಗೋಕೆ ಮುಂಚೆ ಗೆರೆಯ ಉಲ್ಟಾ ದಿಕ್ಕಿಗೆ, ದಕ್ಷಿಣಕ್ಕೆ ಹೋಗಿ. ಸೇತುವೆ ದಾಟಿದ್ರೆ ವೀಪಿಂಗ್ ಪೆನಿನ್ಸುಲಾ, ಯಾವಾಗ್ಲೂ ಮಳೆ ಹುಯ್ಯೋ ಜಾಗ, ಶತ್ರುಗಳು ನಿಮ್ಮ ಲೆವೆಲ್‌ಗೆ ತಕ್ಕ ಹಾಗಿರ್ತಾರೆ. ಅಲ್ಲಿ ಮೂರು ಚರ್ಚ್ ಇದೆ, ಮೂರರಲ್ಲೂ ಸೇಕ್ರೆಡ್ ಟಿಯರ್ ಸಿಗುತ್ತೆ, ಅದರಿಂದ ಒಂದೊಂದು ಗುಟುಕಿಗೆ ಬರೋ ಜೀವ ಜಾಸ್ತಿ ಆಗುತ್ತೆ. ಗೋಲ್ಡನ್ ಸೀಡ್ ಸಿಗೋದು ಹೊಳೆಯೋ ಪುಟ್ಟ ಮರಗಳ ಬುಡದಲ್ಲಿ, ಅದರಿಂದ ಗುಟುಕುಗಳ ಸಂಖ್ಯೆ ಹೆಚ್ಚುತ್ತೆ, ಕೊನೆಗೆ 14ರ ತನಕ. ಲಿಮ್‌ಗ್ರೇವ್ ಪೂರ್ವದಲ್ಲಿ ಥರ್ಡ್ ಚರ್ಚ್ ಆಫ್ ಮಾರಿಕಾ ಇದೆ, ಅಲ್ಲಿ ಫಿಸಿಕ್ ಅನ್ನೋ ಇನ್ನೊಂದು ಫ್ಲಾಸ್ಕ್, ನಿಮಗೆ ಬೇಕಾದ್ದನ್ನ ಬೆರೆಸ್ಕೊಂಡು ಕುಡಿಯೋದು. ಮ್ಯಾಪ್ ಕಪ್ಪಾಗಿದ್ರೂ ಸೂಕ್ಷ್ಮವಾಗಿ ನೋಡಿ, ರಸ್ತೆ ಮೇಲೆ ಸಣ್ಣ ಕಂಬದ ಚಿತ್ರ ಇರುತ್ತೆ, ಆ ಪ್ರದೇಶದ ಮ್ಯಾಪ್ ತುಂಡು ಬಿದ್ದಿರೋದು ಅಲ್ಲೇ.

ವಿಗರ್ ಬಗ್ಗೆ ಜೋರಾಗಿ ಹೇಳ್ತೀನಿ ಕೇಳಿ. ಹೊಸಬರು ರೂನ್ಸ್ ಎಲ್ಲ ತಗೊಂಡು ಹೋಗಿ ಸ್ಟ್ರೆಂತ್ (ಬಲ), ಡೆಕ್ಸ್ (ಚುರುಕು) ತರದ ಸ್ಟ್ಯಾಟ್‌ಗಳಿಗೆ ಸುರೀತಾರೆ, ಡ್ಯಾಮೇಜ್ ಜಾಸ್ತಿ ಆಗ್ಲಿ ಅಂತ. ಶುರುವಲ್ಲಿ ಡ್ಯಾಮೇಜ್ ಬರೋದು ಆಯುಧ ಅಪ್‌ಗ್ರೇಡ್‌ನಿಂದ, ಸ್ಟ್ಯಾಟ್‌ನಿಂದ ಬರೋದು ಚಿಲ್ಲರೆ. ಆಯುಧ ಎತ್ತೋಕೆ ಎಷ್ಟು ಬೇಕೋ ಅಷ್ಟು ಸ್ಟ್ಯಾಟ್ ಹಾಕಿ, ಉಳಿದಿದ್ದೆಲ್ಲ ವಿಗರ್‌ಗೆ. ವಿಗರ್ 10 ಇದ್ರೆ ಜೀವ 414, 25ಕ್ಕೆ 800, 40ಕ್ಕೆ 1450, 60ಕ್ಕೆ 1900, ಅಲ್ಲಿಂದ 99ರ ತನಕ ಹಾಕಿದ್ರೂ ಸಿಗೋದು ಬರೀ ಇನ್ನೂರು. ಸ್ಟಾರ್ಮ್‌ವೇಲ್ ಹೊತ್ತಿಗೆ 20 ದಾಟಿರ್ಲಿ, ಗೇಮ್ ಅರ್ಧ ಆಗೋ ಹೊತ್ತಿಗೆ 40, ಕೊನೆ ಕಡೆ 60ಕ್ಕೆ ತಂದು ನಿಲ್ಸಿ. ಎರಡೇಟಿಗೆ ಸಾಯೋ ಬದಲು ನಾಲ್ಕೇಟಿಗೆ ಸತ್ರೆ ಬಾಸ್ ಏನ್ ಮಾಡ್ತಿದಾನೆ ಅಂತ ನೋಡೋಕೆ ಟೈಮ್ ಸಿಗುತ್ತೆ, ಕಲಿಯೋದು ಅಂದ್ರೆ ಅಷ್ಟೇ.

ಅಪ್‌ಗ್ರೇಡ್‌ಗೆ ಸ್ಮಿಥಿಂಗ್ ಸ್ಟೋನ್ ಬೇಕು. ಅಘೀಲ್ ಕೆರೆಯ ಉತ್ತರಕ್ಕೆ ಲಿಮ್‌ಗ್ರೇವ್ ಟನಲ್ಸ್ ಅಂತ ಗಣಿ ಇದೆ, ಗೋಡೆಲಿ ಹೊಳೆಯೋ ಕಲ್ಲು ಕಿತ್ಕೊಂಡು ಬನ್ನಿ. ಮಾಮೂಲಿ ಆಯುಧ +3ಕ್ಕೆ ಬರೋಕೆ ಮೊದಲ ದರ್ಜೆ ಕಲ್ಲು 2, 4, 6, ಒಟ್ಟು 12 ಸಾಕು, ಅಷ್ಟನ್ನ ಚರ್ಚ್ ಆಫ್ ಎಲ್ಲೆಲಿರೋ ಅಡಿಗಲ್ಲಲ್ಲೇ ಮಾಡ್ಕೋಬಹುದು. ಅದಕ್ಕಿಂತ ಮೇಲಕ್ಕೆ ರೌಂಡ್‌ಟೇಬಲ್ ಹೋಲ್ಡ್‌ನಲ್ಲಿರೋ ಕಮ್ಮಾರ ಹ್ಯೂಗ್ ಹತ್ರ ಹೋಗ್ಬೇಕು. ಮಾಮೂಲಿದು +25 ತನಕ, ಸೋಂಬರ್ ಕಲ್ಲು ಕೇಳೋ ವಿಶೇಷ ಆಯುಧಗಳು +10 ತನಕ. ಹತ್ತು ಆಯುಧಕ್ಕೆ ಹಂಚ್ಬೇಡಿ, ಕೈಗೆ ಹಿಡಿದಿದ್ದು ಯಾವ್ದೋ ಅದನ್ನೇ ಏರಿಸ್ತಾ ಹೋಗಿ. ಇನ್ನೊಂದು, ಹೊತ್ತಿರೋ ಭಾರ 70 ಪರ್ಸೆಂಟ್ ದಾಟಿದ್ರೆ ನಿಮ್ಮ ವೀರ ಮೂಟೆ ಉರುಳಿದಂಗೆ ಉರುಳ್ತಾನೆ. ಕಬ್ಬಿಣದ ಅಂಗಿ ಚೆನ್ನಾಗಿ ಕಾಣುತ್ತೆ ಅಂತ ಹಾಕ್ಕೊಂಡು ಒದ್ದಾಡ್ಬೇಡಿ, ಒಂದೆರಡು ಬಿಚ್ಚಿಡಿ.

ಇಷ್ಟು ಆದ್ಮೇಲೆ ಮಾರ್ಗಿಟ್ ಹತ್ರ ಬನ್ನಿ. ಅವನು ಕೋಲನ್ನ ತಲೆ ಮೇಲೆತ್ತಿ ಹಾಗೇ ನಿಂತ್ಬಿಡ್ತಾನೆ. ಸ್ಕೂಲಲ್ಲಿ ಮೇಷ್ಟ್ರು ಬೆತ್ತ ಎತ್ತಿ ಹಿಡ್ಕೊಂಡು, ನಾವು ಹೆದರಿ ಕೈ ಹಿಂದಕ್ಕೆಳೆದು ಮತ್ತೆ ಚಾಚೋ ತನಕ ಕಾದು ಹೊಡೀತಿದ್ರಲ್ಲ, ಥೇಟ್ ಅದೇ. ಕೋಲು ಮೇಲೆ ಹೋದ ತಕ್ಷಣ ಭಯಕ್ಕೆ ರೋಲ್, ಅಂದ್ರೆ ಉರುಳಿ ತಪ್ಪಿಸ್ಕೊಳೋ ಬಟನ್ ಒತ್ತಿರ್ತೀರ, ಎದ್ದು ನಿಲ್ಲೋ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಬೀಳುತ್ತೆ. ಕೋಲು ಕೆಳಗೆ ಇಳಿಯೋಕೆ ಶುರುವಾದ್ಮೇಲೆ ರೋಲ್ ಮಾಡಿ, ಅದೂ ಹಿಂದಕ್ಕಲ್ಲ, ಅವನ ಕಡೆಗೇ, ಸ್ವಲ್ಪ ಓರೆಯಾಗಿ. ಅವನ ಹಿಂದೆ ಹೋಗಿ ನಿಂತಿರ್ತೀರ, ಎರಡು ಹೊಡೆದು ಈಚೆ ಬನ್ನಿ. ಮೂರನೇದಕ್ಕೆ ಆಸೆ ಪಡ್ಬೇಡಿ. ಔಷಧಿ ಕುಡಿಯೋದು ನೋಡಿದ್ರೆ ಬೆಳಕಿನ ಚಾಕು ಎಸೀತಾನೆ, ಅದನ್ನೂ ಲೆಕ್ಕ ಇಟ್ಕೊಳ್ಳಿ. ಮಂಜಿನ ಬಾಗಿಲ ಹೊರಗೆ ನೆಲದ ಮೇಲೆ ರೊಜಿಯರ್ ಅನ್ನೋನ ಬಂಗಾರದ ಗುರುತಿರುತ್ತೆ, ಅವನನ್ನ ಜೊತೆಗೆ ಕರ್ಕೊಳ್ಳಿ. ಇನ್ನೂ ಆಗ್ಲಿಲ್ವಾ, ಮರ್ಕ್‌ವಾಟರ್ ಗುಹೆಲಿ ಪ್ಯಾಚಸ್ ಅಂತ ಒಬ್ಬ ಖದೀಮ ಇದಾನೆ, ಹೊಡೆದಾಗ ತಪ್ಪಾಯ್ತು ಅಂತ ಶರಣಾಗ್ತಾನೆ, ಕೊಲ್ಲದೆ ಬಿಟ್ರೆ ಅಂಗಡಿ ಇಡ್ತಾನೆ. ಅವನ ಹತ್ರ 5000 ರೂನ್ಸ್‌ಗೆ ಮಾರ್ಗಿಟ್‌ನ ಸಂಕೋಲೆ ಸಿಗುತ್ತೆ, ಜಗಳದಲ್ಲಿ ಎರಡು ಸಲ ಅವನನ್ನ ನೆಲಕ್ಕೆ ಕಟ್ಟಿ ಹಾಕ್ಬಹುದು. ಅದೂ ಬೇಡ ಅಂದ್ರೆ ಕೋಟೆಯ ಪಕ್ಕ ಬಂಡೆ ಅಂಚಲ್ಲೇ ಒಂದು ದಾರಿ ಇದೆ, ಮಾರ್ಗಿಟ್‌ನೂ ಬಿಟ್ಟು ಇಡೀ ಕೋಟೇನೇ ಬಿಟ್ಟು ಸೀದಾ ಮುಂದಿನ ಪ್ರದೇಶ ಲಿಯೂರ್ನಿಯಾಕ್ಕೆ ಹೋಗ್ಬಿಡಬಹುದು. ಆದ್ರೆ ಕೋಟೆ ಒಳಗಡೆ ಅಷ್ಟು ಚೆನ್ನಾಗಿದೆ, ಆಮೇಲಾದ್ರೂ ಬಂದು ನೋಡಿ.

ಕೆಲವು ಸಣ್ಣಪುಟ್ಟ ವಿಷಯ. ಸತ್ರೆ ರೂನ್ಸ್ ಸತ್ತ ಜಾಗದಲ್ಲೇ ಬಿದ್ದಿರುತ್ತೆ, ತಗೊಳೋಕೆ ಮುಂಚೆ ಇನ್ನೊಂದ್ಸಲ ಸತ್ರೆ ಗೋವಿಂದ. ಆದ್ರೆ ಗೋಲ್ಡನ್ ರೂನ್ ಅಂತ ಐಟಂ ರೂಪದಲ್ಲಿ ಸಿಗೋದು ಸತ್ರೂ ಹೋಗಲ್ಲ, ಅದನ್ನ ಒಡೀದೆ ಇಟ್ಕೊಂಡು ಲೆವೆಲ್‌ಗೆ ಸ್ವಲ್ಪ ಕಮ್ಮಿ ಬಿದ್ದಾಗ ಒಡ್ಕೊಳ್ಳಿ. ಅಘೀಲ್ ಕೆರೆ ಪಕ್ಕದ ಸುಟ್ಟ ಹಾಳೂರಿನ ನೆಲಮಾಳಿಗೆಲಿ ಒಂದು ಪೆಟ್ಟಿಗೆ ಇದೆ, ತೆಗೆದ್ರೆ ಹೊಗೆ ಬಂದು ಕೇಲಿಡ್ ಅನ್ನೋ ಕಷ್ಟದ ಪ್ರದೇಶದ ಒಂದು ಗಣಿ ಒಳಗೆ ಎಸೆಯುತ್ತೆ. ಅಲ್ಲಿಂದ ಫಾಸ್ಟ್ ಟ್ರಾವೆಲ್ (ಮ್ಯಾಪ್ ತೆಗೆದು ಬೇರೆ ಗ್ರೇಸ್‌ಗೆ ಹಾರೋದು) ಆಗಲ್ಲ, ಜಗಳ ಬೇಡ, ಬಗ್ಗಿ ಓಡಿ ಗಣಿ ಬಾಯಿಂದ ಹೊರಗೆ ಬನ್ನಿ, ಆಗ ಮ್ಯಾಪ್ ಕೆಲಸ ಮಾಡುತ್ತೆ. ನೆಲದ ಮೇಲೆ ಬೇರೆ ಆಟಗಾರರು ಬರೆದಿರೋ ಮೆಸೇಜ್‌ಗಳಲ್ಲಿ ಅರ್ಧ ಉಪಕಾರ ಅರ್ಧ ಕಿತಾಪತಿ, ಬೆಟ್ಟದ ಅಂಚಲ್ಲಿ ಮುಂದೆ ನಿಧಿ ಇದೆ ಹಾರು ಅಂತ ಬರೆದಿದ್ರೆ ದಯವಿಟ್ಟು ಹಾರ್ಬೇಡಿ.

ಆಟ ಮಧ್ಯೆ ನಿಲ್ಸೋ ಪಾಜ್ ಬಟನ್ ಇಲ್ಲ ಅನ್ನೋದು ಮನೇಲಿ ಆಡೋರಿಗೆ ದೊಡ್ಡ ತಲೆನೋವು, ಬಾಸ್ ಮಧ್ಯದಲ್ಲೇ ಗ್ಯಾಸ್ ಸಿಲಿಂಡರ್‌ನೋನು ಬಂದು ಬೆಲ್ ಮಾಡ್ತಾನೆ. ಅದಕ್ಕೊಂದು ದಾರಿ ಇದೆ: ಇನ್ವೆಂಟರಿ ತೆಗೀರಿ, ಹೆಲ್ಪ್ ಬಟನ್ ಒತ್ತಿ, ಮೆನು ಎಕ್ಸ್‌ಪ್ಲನೇಶನ್ ಅಂತ ಬರುತ್ತೆ, ಅದನ್ನ ತೆಗೆದಿಟ್ರೆ ಒಬ್ಬರೇ ಆಡ್ತಿರುವಾಗ ಗೇಮ್ ನಿಲ್ಲುತ್ತೆ. ಸೇವ್ ತಾನೇ ಆಗ್ತಿರುತ್ತೆ, ನಿಮ್ಮ ಕೈಲಿಲ್ಲ, ಹಾಗಾಗಿ ಕರೆಂಟ್ ಹೋಗಿ ಬಂದು ಮಾಡೋ ಊರಲ್ಲಿದ್ರೆ ಆಪ್‌ಡೇಟಾ ಒಳಗೆ ರೋಮಿಂಗ್ ಫೋಲ್ಡರ್‌ನಲ್ಲಿರೋ ಎಲ್ಡನ್‌ರಿಂಗ್ ಫೋಲ್ಡರನ್ನ ಆಗಾಗ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ.

ಬೇಜಾರಿನ ವಿಷಯಾನೂ ಇದೆ. ಕ್ವೆಸ್ಟ್‌ಗಳನ್ನ, ಅಂದ್ರೆ ಪಾತ್ರಗಳು ಹೇಳೋ ಕೆಲಸಗಳನ್ನ ಬರೆದಿಡೋ ಜಾಗವೇ ಗೇಮ್‌ನಲ್ಲಿಲ್ಲ, ಯಾರೋ ಮಾತಾಡಿ ಎಲ್ಲಿಗೋ ಹೋಗ್ತಾರೆ, ಎಲ್ಲಿಗೆ ಅಂತ ವಿಕಿ ನೋಡದೆ ಕಂಡುಹಿಡಿಯೋನು ಪುಣ್ಯವಂತ. ಕೊನೆ ಕಡೆ ಹಿಮದ ಬೆಟ್ಟಕ್ಕೆ ಬರೋ ಹೊತ್ತಿಗೆ ಹಳೇ ಬಾಸ್‌ಗಳನ್ನೇ ಎರಡೆರಡು ಸೇರ್ಸಿ ಮುಂದೆ ಬಿಡ್ತಾರೆ, ಜಾಗವೂ ಖಾಲಿ ಖಾಲಿ. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಹಿನ್ನೆಲೆ ಪುರಾಣ ಚೆನ್ನಾಗಿದೆ ಆದ್ರೆ ಅದೆಲ್ಲ ಐಟಂಗಳ ವಿವರಣೆಲಿ ಚೂರು ಚೂರಾಗಿ ಬಿದ್ದಿದೆ, ಓದೋ ತಾಳ್ಮೆ ಇದ್ದೋರಿಗಷ್ಟೇ ಕಥೆ. ಸ್ಟ್ಯಾಟ್ ಎಲ್ಲ ತಪ್ಪಾಗಿ ಹಾಕ್ಬಿಟ್ಟೆ ಅನ್ನೋರು ಗಾಬರಿ ಆಗ್ಬೇಡಿ, ಲಿಯೂರ್ನಿಯಾದ ಅಕಾಡೆಮಿಲಿ ರೆನ್ನಾಲಾನ ಸೋಲ್ಸಿದ್ಮೇಲೆ ಲಾರ್ವಲ್ ಟಿಯರ್ ಅನ್ನೋ ಐಟಂ ಒಂದನ್ನ ಕೊಟ್ರೆ ಅವಳೇ ಎಲ್ಲ ಬಿಚ್ಚಿ ಮತ್ತೆ ಹಾಕಿಸ್ತಾಳೆ.

ಮೊದಲ ಸಲ ತಗೊಳೋರು ಬೇಸ್ ಗೇಮ್ ಮಾತ್ರ ತಗೊಳ್ಳಿ. 2024ರ ಜೂನ್ 21ಕ್ಕೆ ಬಂದ, ಬೇರೆಯಾಗಿ ದುಡ್ಡು ಕೊಟ್ಟು ತಗೊಳೋ ಹೆಚ್ಚುವರಿ ಭಾಗ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಒಳಗೆ ಹೋಗೋಕೆ ರಡಾನ್, ಮೋಗ್ ಅನ್ನೋ ಬಾಸ್‌ಗಳು ಇಬ್ಬರೂ ಸತ್ತಿರ್ಬೇಕು, ಅಲ್ಲಿಗೆ ಬರೋಕೆ ನಿಮಗೆ ತಿಂಗಳುಗಳು ಹಿಡಿಯುತ್ತೆ, ಅಷ್ಟರಲ್ಲಿ ಇನ್ನೊಂದು ಸೇಲ್ ಬಂದಿರುತ್ತೆ. 2025ರಲ್ಲಿ ಬಂದ ನೈಟ್‌ರೇನ್ ಹೆಸರು ನೋಡಿ ಇದರ ಮುಂದಿನ ಭಾಗ ಅಂತ ತಗೋಬೇಡಿ, ಅದು ಮೂರು ಜನ ಸೇರ್ಕೊಂಡು ಓಡ್ತಾ ಆಡೋ ಬೇರೇನೇ ಗೇಮ್. ಎರ್ಡ್‌ಟ್ರೀಗೆ ಹೋದೋರಿಗೆ ಒಂದೇ ಮಾತು, ಅಲ್ಲಿ ನಿಮ್ಮ ಲೆವೆಲ್ 150 ಇದ್ರೂ ಅಷ್ಟು ಲೆಕ್ಕಕ್ಕಿಲ್ಲ, ಸ್ಕಾಡುಟ್ರೀ ತುಂಡುಗಳನ್ನ ಹುಡುಕಿ ಗ್ರೇಸ್‌ನಲ್ಲಿ ಆಶೀರ್ವಾದ ಏರಿಸ್ಕೊಳ್ಳಿ, 20 ತನಕ ಹೋಗುತ್ತೆ, ನಾಲ್ಕೈದು ಆಗೋ ತನಕ ಮೊದಲ ದೊಡ್ಡ ಬಾಸ್ ಹತ್ರ ಸುಳೀಬೇಡಿ.