ರೂಪಾಂತರ ಶಿಲೆಗಳ ಸ್ಯಾಂಪಲ್ ಬಾಕ್ಸ್: ಕಲ್ಲು ಚೆನ್ನಾಗಿವೆ, ಜೊತೆಗೆ ಬರೋ ಚೀಟಿ ನಂಬಬೇಡಿ

ಮಗಳ ಸೈನ್ಸ್ ಪಾಠಕ್ಕೆ ಅಂತ ಆನ್‌ಲೈನಲ್ಲಿ ತರಿಸಿದ ಬಾಕ್ಸ್ ಇದು, ಸ್ಲೇಟ್, ಫಿಲೈಟ್, ಶಿಸ್ಟ್, ನೈಸ್, ಮಾರ್ಬಲ್, ಕ್ವಾರ್ಟ್‌ಜೈಟ್ ಅಂತ ಆರು ರೂಪಾಂತರ ಶಿಲೆ, ಅಂದ್ರೆ ಭೂಮಿ ಒಳಗಿನ ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲುಗಳಿವೆ. ಯಾವುದಕ್ಕೂ ಪಾಲಿಶ್ ಮಾಡಿಲ್ಲ, ಅದೇ ಒಳ್ಳೇದಾಯ್ತು, ಪಾಲಿಶ್ ಹೊಡೆದ್ರೆ ಕಲ್ಲು ಹೇಗೆ ಒಡೆಯುತ್ತೆ ಅನ್ನೋದೇ ಗೊತ್ತಾಗಲ್ಲ.

ಮೊದಲ ನಾಲ್ಕನ್ನ ಇದೇ ಆರ್ಡರಲ್ಲಿ ಸಾಲಾಗಿ ಇಟ್ಟು ನೋಡಿ, ಕೊಟ್ಟ ದುಡ್ಡು ಅಲ್ಲೇ ವಸೂಲು. ಕೆಸರು ಗಟ್ಟಿಯಾಗಿ ಆದ ಶೇಲ್ ಕಲ್ಲು ಭೂಮಿ ಒಳಗೆ ಆಳಕ್ಕೆ ಹೋಗ್ತಾ ಬಿಸಿ, ಒತ್ತಡ ಎರಡೂ ಏರಿದ ಹಾಗೆ ಮೊದಲು ಸ್ಲೇಟ್ ಆಗುತ್ತೆ, ಕಣ ಕಣ್ಣಿಗೇ ಕಾಣಲ್ಲ ಆದ್ರೆ ತೆಳ್ಳಗೆ ಹಾಳೆಹಾಳೆಯಾಗಿ ಸೀಳುತ್ತೆ, ಆಮೇಲೆ ಫಿಲೈಟ್, ಬೆಳಕಿಗೆ ಹಿಡಿದ್ರೆ ರೇಷ್ಮೆ ಥರ ಹೊಳಪು, ಶಿಸ್ಟಿಗೆ ಬಂದ್ರೆ ಕಾಗೆಬಂಗಾರದ ಚಕ್ಕೆಗಳು ಬರಿಗಣ್ಣಿಗೇ ಮಿಂಚ್ತವೆ, ನೈಸಲ್ಲಂತೂ ಬಿಳಿ ಕಪ್ಪು ಪಟ್ಟೆಗಳೇ ಬೇರೆ ಬೇರೆ ಆಗಿರ್ತವೆ. ಒಂದೇ ದಿಕ್ಕಿಂದ ಜಾಸ್ತಿ ಒತ್ತಿದಾಗ ಚಪ್ಪಟೆ ಖನಿಜಗಳು ಅದಕ್ಕೆ ಅಡ್ಡಡ್ಡ ಸಾಲುಗಟ್ಟಿ ಬೆಳೀತವೆ, ಪದರ ಬರೋದು ಅದಕ್ಕೇ.

ಉಳಿದೆರಡು ಪದರ ಇಲ್ಲದ ಗುಂಪು. ಸುಣ್ಣದಕಲ್ಲಿಂದ ಮಾರ್ಬಲ್, ಮರಳುಗಲ್ಲಿಂದ ಕ್ವಾರ್ಟ್‌ಜೈಟ್. ಎರಡೂ ಬೆಳ್ಳಗೇ ಇದ್ರಿಂದ ಗೊಂದಲ ಆಗುತ್ತೆ, ಕ್ವಾರ್ಟ್‌ಜೈಟ್ ಗಾಜಿನ ಮೇಲೆ ಗೀರು ಹಾಕುತ್ತೆ, ಮಾರ್ಬಲ್ ಹಾಕಲ್ಲ, ಸ್ವಲ್ಪ ಕೆರೆದು ಪುಡಿ ಮೇಲೆ ವಿನೆಗರ್ ಬಿಟ್ರೆ ಗುಳ್ಳೆ ಬರೋದು ಮಾರ್ಬಲ್ಲೇ.

ಬೇಜಾರಾಗಿದ್ದು ಚೀಟಿ ನೋಡಿ. ಕಲ್ಲು ಕರಗಿ ಮತ್ತೆ ಗಟ್ಟಿಯಾದ್ರೆ ರೂಪಾಂತರ ಶಿಲೆ ಅಂತ ಪ್ರಿಂಟ್ ಮಾಡಿದ್ದಾರೆ! ಪೂರ್ತಿ ಕರಗಿ ಆರಿದ್ರೆ ಅದು ಅಗ್ನಿಶಿಲೆ ಕಣ್ರೀ. ಇಲ್ಲಿ ಕಲ್ಲು ಘನವಾಗಿ ಇದ್ದಂಗೇ ಒಳಗಿನ ಖನಿಜಗಳು ಹೊಸದಾಗಿ ಹರಳು ಕಟ್ತವೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೇಲೆ ಶುರುವಾಗೋ ಕೆಲಸ ಇದು. ಮಕ್ಕಳು ಓದೋ ಚೀಟೀಲಿ ಇಂಥ ತಪ್ಪು ಇರಲೇಬಾರದು, ಮಾರೋರು ದಯವಿಟ್ಟು ತಿದ್ದಿಸಿ. ನೈಸ್ ಗ್ರಾನೈಟಿಂದಲೂ ಆಗಬಹುದು ಅನ್ನೋದನ್ನೂ ಬರೆದಿಲ್ಲ.

ಬೆಂಗಳೂರಿನವರು ಬಾಕ್ಸ್ ತಗೊಂಡ್ರೆ ನೈಸ್ ತುಂಡು ಹಿಡ್ಕೊಂಡು ಲಾಲ್‌ಬಾಗ್ ಬಂಡೆ ಹತ್ರ ಹೋಗಿ, ಅದೂ ನೈಸೇ, ಸುಮಾರು 300 ಕೋಟಿ ವರ್ಷ ಹಳೇದು, ಪಟ್ಟೆ ಹೋಲಿಸಿ ನೋಡೋಕೆ ಮಕ್ಕಳಿಗೆ ಖುಷಿ. ಬೇಲೂರು ಹಳೇಬೀಡಿನ ಬಳಪದ ಕಲ್ಲೂ ರೂಪಾಂತರ ಶಿಲೆನೇ, ಅದರದ್ದೊಂದು ತುಂಡು ಸೇರಿಸಿದ್ರೆ ಇನ್ನೂ ಚೆಂದ ಇರ್ತಿತ್ತು. ಕಲ್ಲಿಗೆ 5ಕ್ಕೆ 5, ಚೀಟಿಗೆ 1.