ಬೀದರ್ ಥಂಡಿಗೆ ಯಾವ ಬುಶ್? ಕಂಪನಿ ರಬ್ಬರ್, ಪಾಲಿಯುರೆಥೇನ್, ಲೋಕಲ್

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪನಿ ರಬ್ಬರ್ ಬುಶ್ ಪರ. ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳು ಲೋವರ್ ಆರ್ಮ್, ಅದು ಗಾಡಿಗೆ ಕೂಡುವ ಜಾಗದಲ್ಲಿರುವ ಮೆತ್ತೆಯೇ ಬುಶ್. ಕಂಪನಿ ರಬ್ಬರ್, ಪಾಲಿಯುರೆಥೇನ್ (ರಬ್ಬರ್‌ಗಿಂತ ಗಟ್ಟಿಯಾದ ಪ್ಲಾಸ್ಟಿಕ್), ಲೋಕಲ್, ಮೂರನ್ನೂ ಹಾಕಿಸಿ ಓಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ನನ್ನದು ಹಳೆಯ ಸಣ್ಣ ಕಾರು. ಬೆಳಿಗ್ಗೆ ಬೇಗ ಬೀದರ್ ಬಿಟ್ಟು ಹುಮನಾಬಾದ್‌ಗೆ ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಥಂಡಿ ಎಷ್ಟಿರುತ್ತೆ ಗೊತ್ತಲ್ವಾ? ರಾತ್ರಿಯಿಡೀ ಹೊರಗೆ ನಿಂತ ಗಾಡಿಯಲ್ಲಿ ರಬ್ಬರ್ ಬಿಗಿಯಾಗಿರುತ್ತದೆ, ಶಾಕಪ್ ಒಳಗಿನ ಎಣ್ಣೆ ಮಂದವಾಗಿರುತ್ತದೆ. ಸ್ವಲ್ಪ ದೂರ ಓಡುವ ತನಕ ಪ್ರತಿ ತಗ್ಗೂ ಬೆನ್ನಿಗೆ ಗೊತ್ತಾಗುತ್ತದೆ.

ಲೋಕಲ್ ಬುಶ್ ಅಗ್ಗ, ಆದರೆ ಬೇಗ ಬಿರುಕು ಬಿಟ್ಟಿತು. ಬುಶ್ ಹೋದರೆ ಬ್ರೇಕ್ ಒತ್ತಿದಾಗ ಚಕ್ರ ಜಾಗ ಬಿಟ್ಟು ಸರಿಯುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ಮಂಜಿನಲ್ಲಿ ಮುಂದಿನ ಲಾರಿ ತಟ್ಟನೆ ನಿಂತರೆ ಏನು ಗತಿ? ಬೇಡವೇ ಬೇಡ.

ಪಾಲಿಯುರೆಥೇನ್ ಹಾಕಿದಾಗ ಗಾಡಿ ನಿಜಕ್ಕೂ ಗಟ್ಟಿಯಾಯಿತು. ಸ್ಟೇರಿಂಗ್ ತಿರುಗಿಸಿದ ಕೂಡಲೇ ತಿರುಗುತ್ತಿತ್ತು, ಬ್ರೇಕ್ ಹಾಕಿದರೆ ನೆಟ್ಟಗೆ ನಿಲ್ಲುತ್ತಿತ್ತು. ಆದರೆ ಆ ಕಿರ್ ಕಿರ್ ಸದ್ದು! ಥಂಡಿ ಶುರುವಾದ ಮೇಲೆ ಗಲ್ಲಿಯ ಮೊದಲ ಸ್ಪೀಡ್ ಬ್ರೇಕರ್‌ಗೇ ಎಲ್ಲರನ್ನೂ ಎಬ್ಬಿಸುತ್ತಿತ್ತು.

ಕಾರಣ ಇಷ್ಟೇ. ಕಂಪನಿ ಬುಶ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರ್ ಸುಮ್ನೆ ತಿರುಚಿಕೊಳ್ಳುತ್ತದೆ, ಏನೂ ಉಜ್ಜುವುದಿಲ್ಲ. ನಾನು ಹಾಕಿಸಿದ ಪಾಲಿಯುರೆಥೇನ್‌ನಲ್ಲಿ ಕೊಳವೆ ಬೇರೆ, ಅದು ಒಳಗೆ ಉಜ್ಜಿಕೊಂಡೇ ತಿರುಗಬೇಕು. ನಡುವೆ ಸಿಲಿಕೋನ್ ಗ್ರೀಸ್ ಇರಲೇಬೇಕು. ಮಳೆ, ಧೂಳಿಗೆ ಅದು ಹೋಯಿತೆಂದರೆ ಸದ್ದು ಶುರು, ಥಂಡಿಯಲ್ಲಿ ಇನ್ನೂ ಜಾಸ್ತಿ.

ಹೊರಗಿಂದ ಗ್ರೀಸ್ ಬಳಿದರೆ ಒಳಗೆ ಹೋಗುವುದಿಲ್ಲ. ಆರ್ಮ್ ಬಿಚ್ಚಬೇಕು, ಮತ್ತೆ ಕೂಡಿಸಬೇಕು, ಆಮೇಲೆ ಚಕ್ರಗಳು ನೆಟ್ಟಗಿವೆಯೇ ಎಂದು ಅಲೈನ್‌ಮೆಂಟ್ ನೋಡಿಸಬೇಕು. ಪ್ರತಿ ಸಲ ಕೂಲಿ ಬೇರೆ, ರಜೆ ಬೇರೆ. ಗ್ಯಾರೇಜಿನಲ್ಲಿ ಸಾದಾ ಗ್ರೀಸ್ ಇರುತ್ತದೆ, ಸಿಲಿಕೋನ್ ಬೇಕಾದರೆ ನಾವೇ ತಂದುಕೊಡಬೇಕು. ಇಷ್ಟು ಮಾಡಿಸಿದರೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಸದ್ದು ವಾಪಸ್.

ಕಂಪನಿ ರಬ್ಬರ್‌ಗೂ ಒಂದು ಶರತ್ತಿದೆ. ಜ್ಯಾಕ್ ಮೇಲೆ ಚಕ್ರ ಜೋತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಮ್ಮ ಮಿಸ್ತ್ರಿ ನಾನು ಕೇಳುವ ಮೊದಲೇ ಹೇಳಿದರು: "ಸರ, ಗಾಡಿ ಭಾರ ಚಕ್ರದ ಮ್ಯಾಲ ಬರ್ಲಿ, ಆಮ್ಯಾಲ ಟೈಟ್ ಮಾಡೋಣ್ರಿ." ಇಂಥವರು ಸಿಕ್ಕರೆ ಬಿಡಬೇಡಿ.

ಗಾಳಿಯನ್ನೂ ಮರೆಯಬೇಡಿ. ತಾಪಮಾನ ಸುಮಾರು 5-6 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರ್‌ನಲ್ಲಿ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಿ.

ಮನೆಯಲ್ಲೇ ಆರ್ಮ್ ಬಿಚ್ಚಿ ಗ್ರೀಸ್ ಹಾಕುವಷ್ಟು ಕೈಚಳಕ, ವೇಳೆ ಇದ್ದವರು ಪಾಲಿಯುರೆಥೇನ್ ತಗೊಳ್ಳಿ. ನನಗೆ ಭಾನುವಾರ ಒಂದೇ ರಜೆ, ತಿಂಗಳ ಸಂಬಳದಲ್ಲೇ ಎಲ್ಲ ನಡೆಯಬೇಕು. ಹಾಗಾಗಿ ಕಂಪನಿ ರಬ್ಬರೇ ಸೈ. ನವೆಂಬರ್‌ನಲ್ಲೇ ಟಾರ್ಚ್ ಹಿಡಿದು ಬುಶ್ ನೋಡುತ್ತೇನೆ, ಬಿರುಕು ಕಂಡರೆ ಎರಡೂ ಬದಿ ಒಟ್ಟಿಗೇ ಬದಲಿಸುತ್ತೇನೆ.