ಕಳೆನಾಶಕ ಹೊಡೆದ ಸ್ಪ್ರೇಯರ್ ಕೈತೋಟಕ್ಕೆ ತರಬೇಡಿ

ಮನೆ ಹಿಂದೆ ಟೊಮೆಟೊ, ಬೀನ್ಸ್, ಮೆಣಸಿನಕಾಯಿ ಬೆಳೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ಸ್ಪ್ರೇಯರ್‌ನಿಂದಾಗಿ ನಾನು 14 ಟೊಮೆಟೊ ಗಿಡ ಮತ್ತು ಒಂದು ಸಾಲು ಬೀನ್ಸ್ ಕಿತ್ತು ಹಾಕಬೇಕಾಯಿತು. ಅಮ್ಮ ನೆಟ್ಟಿದ್ದ ದಾಸವಾಳ ಉಳಿಯುತ್ತೋ ಇಲ್ಲವೋ ಅಂತ ಮೂರು ತಿಂಗಳು ಕಾದೆವು. ದಿನಾ ಬೆಳಗ್ಗೆ ದೇವರಿಗೆ ಅದೇ ಗಿಡದ ಹೂವು.

ನಾವು ಮೈಸೂರಿನಲ್ಲಿದ್ದೇವೆ. ಟೊಮೆಟೊಗೆ ಬಿಳಿ ನೊಣ ಬಂದಿತ್ತು. ಬೇವಿನ ಎಣ್ಣೆ ಹೊಡೆಯೋಣ ಅಂದರೆ ಮನೆಯಲ್ಲಿ ಸ್ಪ್ರೇಯರ್ ಇರಲಿಲ್ಲ. ಆ ವಾರ ಮಂಡ್ಯ ಕಡೆ ಊರಿಗೆ ಹೋಗಿದ್ದಾಗ ದೊಡ್ಡಪ್ಪನ ಮಗನ ಹತ್ತಿರ ಬೆನ್ನಿಗೆ ಹಾಕಿಕೊಳ್ಳುವ 16 ಲೀಟರ್ ಸ್ಪ್ರೇಯರ್ ಇತ್ತು. "ತಗೊಂಡು ಹೋಗು, ನನಗೆ ಸದ್ಯಕ್ಕೆ ಬೇಡ" ಅಂದ. ಅದರಲ್ಲಿ ಏನು ಹೊಡೆದಿದ್ದೆ ಅಂತ ನಾನು ಕೇಳಲಿಲ್ಲ, ಅವನಿಗೂ ಹೇಳಬೇಕು ಅಂತ ಹೊಳೆಯಲಿಲ್ಲ.

ಮನೆಗೆ ತಂದು ಮುಚ್ಚಳ ತೆಗೆದಾಗ ಒಂಥರಾ ಫಿನೈಲ್ ವಾಸನೆ ಬಂತು. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿದೆ. ವಾಸನೆ ಕಡಿಮೆಯಾಯಿತು, ಸಾಕು ಅಂದುಕೊಂಡೆ. ಇನ್ನೊಂದು ಸುಳಿವೂ ಕಣ್ಣ ಮುಂದೆಯೇ ಇತ್ತು. ತುದಿಯ ನಾಝಲ್‌ನಿಂದ ನೀರು ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಹರಡುತ್ತಿತ್ತು. ಕಳೆ ಔಷಧಿಗೆ ಹೆಚ್ಚಾಗಿ ಹಾಕುವುದು ಅಂಥ ನಾಝಲ್. ಕೀಟಕ್ಕೆ ಹೊಡೆಯುವಾಗ ದುಂಡಗೆ, ಮಂಜಿನ ಹಾಗೆ ಬರುವ ನಾಝಲ್ ಬಳಸುತ್ತಾರೆ. ನನಗೆ ಅದು ಗೊತ್ತಿರಲಿಲ್ಲ.

ಹೊಡೆದ ಎರಡನೇ ದಿನಕ್ಕೇ ಟೊಮೆಟೊ ತುದಿ ಬಾಗಿತು. ಬಿಸಿಲಿಗೆ ಅಂದುಕೊಂಡೆ. ಒಂದು ವಾರದಲ್ಲಿ ಹೊಸ ಎಲೆಗಳು ಹೇಗಾದವು ಅಂದರೆ, ಅಗಲವೇ ಇಲ್ಲ. ದಾರದ ಹಾಗೆ ಸಣ್ಣಗೆ, ತಿರುಚಿಕೊಂಡು, ನರಗಳೆಲ್ಲ ಒಂದರ ಪಕ್ಕ ಒಂದು ಒತ್ತಿ ಎಳೆದಂತೆ. ಕೈಯಲ್ಲಿ ಹಿಡಿದರೆ ಟೊಮೆಟೊ ಎಲೆ ಅಂತ ಅನ್ನಿಸುತ್ತಲೇ ಇರಲಿಲ್ಲ. ಇದು ಎಲೆ ಮುದುಡು ರೋಗ, ಬಿಳಿ ನೊಣದಿಂದ ಬರುತ್ತೆ ಅಂತ ಎಲ್ಲೋ ಓದಿದ್ದೆ. ಅದಕ್ಕೇ ಅದೇ ಸ್ಪ್ರೇಯರ್‌ನಲ್ಲಿ ಇನ್ನೊಂದು ಸಲ ಬೇವಿನ ಎಣ್ಣೆ ಹೊಡೆದೆ. ಈ ಸಲ ಬೀನ್ಸ್, ಮೆಣಸಿನ ಗಿಡ, ದಾಸವಾಳ ಯಾವುದನ್ನೂ ಬಿಡಲಿಲ್ಲ. ಈಗಲೂ ಹೊಟ್ಟೆ ಉರಿಯುವುದು ಆ ಎರಡನೇ ಸಲಕ್ಕೆ.

ನಮ್ಮ ಬೀದಿಯಲ್ಲಿ ತೋಟಗಾರಿಕೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬಂದು ನೋಡಿದರು. ಟೊಮೆಟೊ ಹತ್ತಿರ ಹೋಗುವ ಮೊದಲೇ ಮೂಲೆಯಲ್ಲಿದ್ದ ನಿಂಬೆಹುಲ್ಲಿನ ಹತ್ತಿರ ನಿಂತರು. "ಇದಕ್ಕೂ ಬಿದ್ದಿತ್ತಾ?" ಅಂದರು. ಬಿದ್ದಿತ್ತು. "ಇದು ಚೆನ್ನಾಗೇ ಇದೆ ನೋಡಿ. ಹುಲ್ಲಿನ ಜಾತಿಗೆ ಏನೂ ಆಗಿಲ್ಲ. ಅಗಲ ಎಲೆಯದೆಲ್ಲ ತಿರುಚಿದೆ. ಟೊಮೆಟೊ, ಬೀನ್ಸ್, ದಾಸವಾಳ ಮೂರಕ್ಕೂ ಒಂದೇ ವಾರ ಒಂದೇ ರೋಗ ಬರುತ್ತೇನ್ರೀ? ಸ್ಪ್ರೇಯರ್ ಯಾರದ್ದು?"

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಕಬ್ಬಿನ ಗದ್ದೆಗೆ 2,4-ಡಿ ಹೊಡೆದಿದ್ದನಂತೆ. ಅದು ಅಗಲ ಎಲೆಯ ಕಳೆ ಸಾಯಿಸುವ ಔಷಧಿ. ಗಿಡದ ಬೆಳವಣಿಗೆಯ ಹಾರ್ಮೋನ್ ತರಹ ಕೆಲಸ ಮಾಡಿ, ಅಡ್ಡಾದಿಡ್ಡಿ ಬೆಳೆಸಿಯೇ ಕೊಲ್ಲುತ್ತೆ. ಕಬ್ಬು, ಜೋಳದಂಥ ಹುಲ್ಲಿನ ಜಾತಿಯ ಬೆಳೆ ತಡೆದುಕೊಳ್ಳುತ್ತವೆ. ಟೊಮೆಟೊ, ಹತ್ತಿ, ದ್ರಾಕ್ಷಿಗೆ ತೀರಾ ಸ್ವಲ್ಪ ತಾಗಿದರೂ ಕಷ್ಟ. ಟ್ಯಾಂಕ್ ತೊಳೆದರೂ ಪೈಪಿನ ಒಳಗೆ, ವಾಷರ್‌ನಲ್ಲಿ, ಜಾಲರಿಯಲ್ಲಿ ಉಳಿದದ್ದೇ ಸಾಕು. ಎಣ್ಣೆ, ಸೋಪು ಬೆರೆಸಿದ ನೀರು ಹೋದಾಗ ಅದು ಬಿಟ್ಟುಕೊಂಡು ಬರುವುದೂ ಉಂಟು ಅಂದರು ಅವರು.

ಕಾಯಿ ಬಿಟ್ಟಿದ್ದ ಗಿಡಗಳೂ ಇದ್ದವು. ತಿನ್ನಲು ಧೈರ್ಯ ಬರಲಿಲ್ಲ, ತಿನ್ನಲೂ ಬಾರದು. ಎಲ್ಲ ಕಿತ್ತೆವು. ಗೊಬ್ಬರದ ಗುಂಡಿಗೂ ಹಾಕಲಿಲ್ಲ. ಆ ಪಾತಿಯಲ್ಲಿ ಮತ್ತೆ ನೆಡುವ ಮೊದಲು ನಾಲ್ಕು ಬೀನ್ಸ್ ಬೀಜ ಹಾಕಿ ನೋಡಿ ಅಂದರು. ಎರಡು ತಿಂಗಳ ನಂತರ ಹಾಕಿದೆ, ಎಲೆ ಸರಿಯಾಗಿ ಬಂದವು. ದಾಸವಾಳವನ್ನು ಅರ್ಧಕ್ಕೆ ಕತ್ತರಿಸಿದ್ದೆವು, ಬುಡದಿಂದ ಚಿಗುರಿದೆ.

ಗುದ್ದಲಿ, ಸನಿಕೆ, ಕುಡುಗೋಲು ಯಾರ ಮನೆಯದ್ದಾದರೂ ತರಬಹುದು, ತೊಳೆದರೆ ಮುಗಿಯಿತು. ಸ್ಪ್ರೇಯರ್ ಮಾತ್ರ ಹಾಗಲ್ಲ. ಎರವಲು ಬೇಡ, ಸೆಕೆಂಡ್ ಹ್ಯಾಂಡ್ ಅಂತೂ ಬೇಡವೇ ಬೇಡ. ಮಾರುವವರಿಗೇ ಅದರ ಹಿಂದಿನ ಕಥೆ ಗೊತ್ತಿರಲ್ಲ. ಕೈತೋಟಕ್ಕೆ 16 ಲೀಟರ್ ಬೇಕಾಗಿಯೂ ಇಲ್ಲ. ತುಂಬಿದರೆ ನೀರಿನ ತೂಕವೇ 16 ಕೆಜಿ! ಮೇಲೆ ಪಂಪ್ ಒತ್ತಿ ಗಾಳಿ ತುಂಬುವ 2 ಲೀಟರಿನ ಕೈ ಸ್ಪ್ರೇಯರ್ ಸಾಕು. ಕೊಳ್ಳುವಾಗ ಅಂಗಡಿಯಲ್ಲೇ ನೀರು ಹಾಕಿಸಿ ಒತ್ತಿ ನೋಡಿ, ಕತ್ತಿನ ಹತ್ತಿರ ಸೋರಬಾರದು. ನಾಝಲ್ ಬಿಚ್ಚಿ ತೊಳೆಯಲು ಬರಬೇಕು.

ಬೇರೆಯವರ ಸ್ಪ್ರೇಯರ್ ಬಳಸಲೇಬೇಕಾದರೆ ಏನು ಹೊಡೆದಿದ್ದು ಅಂತ ಕೇಳಿ. ವಾಷಿಂಗ್ ಸೋಡಾ ನೀರು ತುಂಬಿ, ಪೈಪಿಗೂ ಹರಿಸಿ, ಒಂದು ರಾತ್ರಿ ಬಿಟ್ಟು ಹಲವು ಸಲ ತೊಳೆಯಿರಿ. ಆ ನೀರನ್ನು ಗಿಡಕ್ಕಾಗಲಿ ಚರಂಡಿಗಾಗಲಿ ಚೆಲ್ಲಬೇಡಿ. ಆಮೇಲೂ ಒಂದೇ ಒಂದು ಟೊಮೆಟೊ ಸಸಿಗೆ ಹೊಡೆದು ಒಂದು ವಾರ ಕಾಯಿರಿ. ಎಲೆ ಹೀಗೆ ತಿರುಚಿದ್ದು ಕಂಡರೆ ಮತ್ತೇನೂ ಹೊಡೆಯದೆ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಮೈಸೂರು ಕಡೆಯವರಿಗೆ ಸುತ್ತೂರಿನಲ್ಲಿದೆ, ಮಂಡ್ಯದವರಿಗೆ ವಿ.ಸಿ. ಫಾರ್ಮ್‌ನಲ್ಲಿದೆ.

ಮೊನ್ನೆ ಊರಿಗೆ ಹೋಗಿದ್ದಾಗ ಅಣ್ಣ ಕೊಟ್ಟಿಗೆಯಿಂದ ಆ ಸ್ಪ್ರೇಯರ್ ತಂದು ತೋರಿಸಿದ. ಎರಡೂ ಕಡೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ 'ಕಳೆ' ಅಂತ ಬರೆದಿದ್ದಾನೆ.